ಧಾರವಾಡ ಸೀಮೆಯ ಖಾಸಗಿ ಇಂಗ್ಲಿಷ್ ಶಾಲೆಗಳೂ ಅವುಗಳ ಅಲ್ಪಾಯುಷ್ಯವೂ

೧

ಕರ್ನಾಟಕದಲ್ಲಿ ಇಂಗ್ಲಿಷ್ ವಿದ್ಯೆಯು ಬೇರೂರಿದ ಬಗೆಯನ್ನು ವಿವರಿಸುವಾಗ ಸರಕಾರದ ಶಾಲೆಗಳನ್ನೂ ಮಿಶನರಿಗಳ ಶಾಲೆಗಳನ್ನೂ ದೊಡ್ಡ ಶಿಕ್ಷಣಸಂಸ್ಥೆಗಳನ್ನೂ ಹೇಳುವುದು ವಾಡಿಕೆ. ಇವುಗಳ ನೆರಳಿನಲ್ಲಿ ಹುಟ್ಟಿ, ಕೆಲಕಾಲ ಬಾಳಿ, ಸದ್ದಿಲ್ಲದೆ ಮುಚ್ಚಿಹೋಗುವ ನಾಲ್ಕನೆಯದೊಂದು ಬಗೆಯ ಶಾಲೆಯುಂಟು. ಒಬ್ಬ ಮಾಸ್ತರನು ಬಾಡಿಗೆಯ ಕೋಣೆಯಲ್ಲಿಯೋ ತನ್ನ ಮನೆಯ ಪಡಸಾಲೆಯಲ್ಲಿಯೋ ಹತ್ತಿಪ್ಪತ್ತು ಹುಡುಗರನ್ನು ಕೂಡಿಸಿಕೊಂಡು, ಪರೀಕ್ಷೆಗೆ ಬೇಕಾದಷ್ಟು ಇಂಗ್ಲಿಷನ್ನು ಕಂಠಪಾಠ ಮಾಡಿಸಿ, ತಿಂಗಳ ಫೀಯಿಂದಲೇ ಜೀವಿಸುವ ಶಾಲೆಯಿದು. ಕ್ಲಾಸು, ಟ್ಯೂಶನ್, ಟ್ಯುಟೋರಿಯಲ್ ಎಂದು ಕಾಲಕಾಲಕ್ಕೆ ಇದರ ಹೆಸರು ಬದಲಾಗಿದೆಯಲ್ಲದೆ ಸ್ವರೂಪವು ಬದಲಾಗಿಲ್ಲ. ಇಂತಹ ಶಾಲೆಗಳು ಏಕೆ ಬಹುಕಾಲ ನಿಲ್ಲುವುದಿಲ್ಲವೆಂಬುದೇ ಇಲ್ಲಿಯ ವಿಚಾರ.

ವಿಚಾರಕ್ಕೆ ಧಾರವಾಡ ಸೀಮೆಯ ದಕ್ಷಿಣ ಭಾಗವು ತಕ್ಕ ಕ್ಷೇತ್ರವಾಗಿದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಈ ನಾಲ್ಕು ತಾಲೂಕುಗಳು ೧೯೯೭ರಿಂದ ಹಾವೇರಿ ಜಿಲ್ಲೆಗೆ ಸೇರಿವೆ. ಅದಕ್ಕೂ ಮೊದಲು ಧಾರವಾಡ ಜಿಲ್ಲೆಯವು. ೧೯೫೬ರ ವರೆಗೆ ಆ ಜಿಲ್ಲೆಯು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಸವಣೂರು ಮಾತ್ರ ೧೯೪೮ರ ವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಕನಕದಾಸರ ಬಾಡ, ಶರೀಫಸಾಹೇಬರ ಶಿಶುವಿನಹಾಳ, ಹಿರೇಬೆಂಡಿಗೇರಿ ಇವು ಶಿಗ್ಗಾಂವಿ ತಾಲೂಕಿನ ಗ್ರಾಮಗಳು. ಒಕ್ಕಲುತನವೇ ಮುಖ್ಯವಾದ ಇಂತಹ ಗ್ರಾಮಗಳಲ್ಲಿ ಇಂಗ್ಲಿಷ್ ಕಲಿಯುವ ಆಸೆಯು ಎಷ್ಟು ಪ್ರಬಲವೋ ಅದನ್ನು ಫೀ ಕೊಟ್ಟು ಪಡೆಯುವ ಶಕ್ತಿಯು ಅಷ್ಟೇ ಅಸ್ಥಿರ. ಈ ಎರಡರ ನಡುವಿನ ಅಂತರದಲ್ಲಿಯೇ ಖಾಸಗಿ ಶಾಲೆಯ ಹುಟ್ಟೂ ಸಾವೂ ಅಡಗಿವೆ.

೨

ಮೊದಲು ಬೇಡಿಕೆಯ ಮೂಲವನ್ನು ನೋಡಬೇಕು. ೧೮೪೪ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರಕಾರದ ನೌಕರಿಯಲ್ಲಿ ಮೊದಲ ಮಣೆಯೆಂದು ಸಾರಿದನು. ೧೮೫೪ರಲ್ಲಿ ವುಡ್ಡನ ಶಿಕ್ಷಣಪತ್ರವು ಬಂದು, ಮುಂದಿನ ವರ್ಷ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾಯಿತು. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಹುಟ್ಟಿತು; ೧೮೫೯ರಲ್ಲಿ ಅದರ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯು ನಡೆಯಿತು. ಮಹಾದೇವ ಗೋವಿಂದ ರಾನಡೆಯವರು ಆ ಮೊದಲ ತಂಡದಲ್ಲಿ ತೇರ್ಗಡೆಯಾದವರು. ಹದಿನೈದು ವರ್ಷಗಳೊಳಗೆ ನೌಕರಿ, ಇಂಗ್ಲಿಷ್, ಪರೀಕ್ಷೆ ಈ ಮೂರೂ ಒಂದೇ ಸರಪಳಿಯ ಕೊಂಡಿಗಳಾದವು.

ಧಾರವಾಡ ಸೀಮೆಯಲ್ಲಿ ಇದರ ಪಕ್ಕದಲ್ಲಿ ಇನ್ನೊಂದು ಹಾದಿಯೂ ಇದ್ದಿತು. ಕನ್ನಡ ಶಾಲೆಯ ಇಯತ್ತೆಗಳನ್ನು ಮುಗಿಸಿ ಮುಲ್ಕಿ ಪರೀಕ್ಷೆಗೆ ಕುಳಿತರೆ ತಲಾಟಿಕೆ, ಕಾರಕೂನಿಕೆ, ಶಾಲಾಮಾಸ್ತರಿಕೆಗಳಂತಹ ಕೆಲಸಗಳು ದೊರೆಯುತ್ತಿದ್ದವು. ಶರೀಫಸಾಹೇಬರು (೧೮೧೯–೧೮೮೯) ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಕೆಲಕಾಲ ಮಾಸ್ತರಿಕೆ ಮಾಡಿದರೆಂದು ಅವರ ಚರಿತ್ರಕಾರರು ಹೇಳುವರು. ಮರಾಠಿಯು ಆವರಿಸಿಕೊಂಡಿದ್ದ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದ ಶ್ರೇಯಸ್ಸು ಡೆಪ್ಯುಟಿ ಚನ್ನಬಸಪ್ಪನವರಿಗೂ (೧೮೩೪–೧೮೮೧) ಅವರಿಗೆ ಬೆಂಬಲವಾಗಿದ್ದ ರಸೆಲ್ ಸಾಹೇಬನಿಗೂ ಸಲ್ಲತಕ್ಕದ್ದು. ಕನ್ನಡ ಶಾಲೆಗಳು ಹೆಚ್ಚಿದಂತೆಲ್ಲ ನಾಲ್ಕನೆಯ ಇಯತ್ತೆ ಮುಗಿಸಿ ಮುಂದೆ ಇಂಗ್ಲಿಷ್ ಕಲಿಯಬೇಕೆನ್ನುವ ಹುಡುಗರೂ ಹೆಚ್ಚಿದರು. ಆದರೆ ಇಂಗ್ಲಿಷ್ ಶಾಲೆಗಳಿದ್ದುದು ಧಾರವಾಡ, ಹುಬ್ಬಳ್ಳಿಗಳಂತಹ ಊರುಗಳಲ್ಲಿ. ಹಳ್ಳಿಯ ಹುಡುಗನಿಗೆ ಎರಡೇ ದಾರಿ: ಪರಸ್ಥಳದಲ್ಲಿ ವಾರಾನ್ನದಿಂದ ಹೊಟ್ಟೆಹೊರೆದು ಕಲಿಯುವುದು, ಇಲ್ಲವೆ ಹತ್ತಿರದ ದೊಡ್ಡ ಊರಿನಲ್ಲಿ ಯಾರಾದರೊಬ್ಬ ಇಂಗ್ಲಿಷ್ ಬಲ್ಲವನಲ್ಲಿಗೆ ಪಾಠಕ್ಕೆ ಹೋಗುವುದು. ಎರಡನೆಯ ದಾರಿಯೇ ಖಾಸಗಿ ಕ್ಲಾಸಿನ ಬೀಜ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ಜನರು ಬಯಸಿದ್ದು ಭಾಷೆಯನ್ನಲ್ಲ. ಭಾಷೆಯ ಆಚೆಗಿದ್ದ ನೌಕರಿಯನ್ನು, ನೌಕರಿಗೆ ಬಾಗಿಲಾಗಿದ್ದ ಪರೀಕ್ಷೆಯನ್ನು. ಕ್ಲಾಸಿನ ಬೆಲೆಯು ಅದರ ಪಾಠದಿಂದ ನಿರ್ಧಾರವಾಗದೆ, ಎಲ್ಲಿಯೋ ಕುಳಿತ ಪರೀಕ್ಷಾಮಂಡಲದ ನಿಯಮದಿಂದ ನಿರ್ಧಾರವಾಗುತ್ತಿದ್ದಿತು. ತನ್ನ ಸರಕಿನ ಬೆಲೆಯು ತನ್ನ ಕೈಯಲ್ಲಿಲ್ಲದ ವ್ಯಾಪಾರಿಯ ಗತಿಯೇ ಈ ಶಾಲೆಯ ಗತಿ.

೩

ಎರಡನೆಯ ಕಾರಣವು ಲೆಕ್ಕದ್ದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ಇದು ತಿಳಿಯುವುದು. ಒಂದು ಕ್ಲಾಸಿಗೆ ಜೂನಿನಲ್ಲಿ ೩೦ ಹುಡುಗರು ಸೇರಿದರೆಂದೂ, ಅವರಲ್ಲಿ ೨೦ ಜನರ ಫೀಯು ಕೋಣೆಯ ಬಾಡಿಗೆಗೂ ಮಾಸ್ತರನ ಹೊಟ್ಟೆಬಟ್ಟೆಗೂ ಸರಿಹೋಗುವುದೆಂದೂ ಇಟ್ಟುಕೊಳ್ಳಬಹುದು. ಆಗ ಉಳಿದ ೧೦ ಜನರ ಫೀಯೇ ಲಾಭ. ಇವರಲ್ಲಿ ೫ ಜನರು ದೀಪಾವಳಿಯ ಹೊತ್ತಿಗೆ ಬಿಟ್ಟರೆ, ೫ ಜನರು ಬಾಕಿ ಉಳಿಸಿಕೊಂಡರೆ ಲಾಭವು ಪೂರ್ತಿಯಾಗಿ ಹೋಯಿತು. ಮುಂದೆ ಒಬ್ಬನು ಬಿಟ್ಟರೂ ನಷ್ಟವೇ. ಹುಡುಗರು ಕಡಮೆಯಾದರೆಂದು ಬಾಡಿಗೆಯು ಕಡಮೆಯಾಗದು, ಮಾಸ್ತರನ ಹಸಿವೂ ಕಡಮೆಯಾಗದು. ಖರ್ಚು ಸ್ಥಿರ, ಆದಾಯ ಚಂಚಲ: ಇದೇ ಈ ಉದ್ಯಮದ ಮೂಲದೋಷ.

ಒಕ್ಕಲುತನದ ನಾಡಿನಲ್ಲಿ ಈ ದೋಷವು ಇಮ್ಮಡಿಯಾಗುತ್ತದೆ. ಶಾಲೆಯ ವರ್ಷವು ಜೂನಿನಲ್ಲಿ ತೊಡಗುವುದು. ಅದೇ ಮುಂಗಾರಿನ ಕಾಲ, ರೈತನ ಕೈಯ ಹಣವೆಲ್ಲ ಬೀಜಕ್ಕೂ ಎತ್ತಿಗೂ ಆಳಿಗೂ ಹೋಗುವ ಕಾಲ. ಹತ್ತಿ, ಮೆಣಸಿನಕಾಯಿಗಳ ಹಣವು ಮನೆಗೆ ಬರುವುದು ಸುಗ್ಗಿಯಾದ ಮೇಲೆ, ಶಾಲೆಯ ವರ್ಷವು ಮುಗಿಯುತ್ತ ಬಂದಾಗ. ಆದುದರಿಂದ ಫೀ ಕೇಳುವ ತಿಂಗಳಿಗೂ ಕೊಡಬಲ್ಲ ತಿಂಗಳಿಗೂ ಮೇಳವಿಲ್ಲ. ಮಾಸ್ತರನು ಉದ್ದರಿ ಕೊಡಬೇಕು. ಕೊಟ್ಟ ವಿದ್ಯೆಯನ್ನು ಮರಳಿ ಕಸಿದುಕೊಳ್ಳಲು ಬಾರದು. ಅಂಗಡಿಕಾರನಿಗೆ ಬಾಕಿ ಉಳಿದರೆ ಮುಂದಿನ ಸಲ ಸಾಮಾನು ಕೊಡೆನೆನ್ನಬಹುದು. ಪರೀಕ್ಷೆ ಮುಗಿಸಿದ ಹುಡುಗನು ಮುಂದಿನ ಸಲ ಬರುವವನೇ ಅಲ್ಲ.

ಮಳೆಯು ತಪ್ಪಿದ ವರ್ಷದ ಮಾತನ್ನಂತೂ ಹೇಳಬೇಕಾಗಿಲ್ಲ. ೧೮೭೬–೭೮ರ ಮಹಾಕ್ಷಾಮವೂ ೧೮೯೬–೯೭ ಮತ್ತು ೧೮೯೯–೧೯೦೦ರ ಬರಗಳೂ ಮುಂಬಯಿ ಕರ್ನಾಟಕವನ್ನು ಹಣ್ಣುಮಾಡಿದವು. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಮರುವರ್ಷಗಳಲ್ಲಿ ಧಾರವಾಡ ಜಿಲ್ಲೆಗೂ ಹಬ್ಬಿತು. ಜನರು ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಕಾಲಕಳೆದರು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಸರಕಾರದ ಶಾಲೆಯು ಆರು ತಿಂಗಳು ಮುಚ್ಚಿದ್ದು ಮತ್ತೆ ತೆರೆಯಬಹುದು, ಅದರ ಮಾಸ್ತರನ ಪಗಾರವು ಖಜಾನೆಯಿಂದ ಬರುವುದು. ಫೀಯನ್ನೇ ನಂಬಿದ ಕ್ಲಾಸು ಆರು ತಿಂಗಳು ಮುಚ್ಚಿತೆಂದರೆ ಶಾಶ್ವತವಾಗಿ ಮುಚ್ಚಿದಂತೆಯೇ ಸರಿ. ನೂರು ವರ್ಷಗಳ ತರುವಾಯ ೨೦೨೦ರ ಕೊರೋನಾ ಪಿಡುಗಿನ ಕಾಲದಲ್ಲಿಯೂ ಇದೇ ನ್ಯಾಯವು ನಡೆಯಿತು.

೪

ಮೂರನೆಯ ಕಾರಣವು ಸರಕಾರದ ಧೋರಣೆಯಲ್ಲಿದೆ. ವುಡ್ಡನ ಪತ್ರವು ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡಬೇಕೆಂದಿತು. ೧೮೮೨ರ ಹಂಟರ್ ಆಯೋಗವು ಇನ್ನೂ ಮುಂದೆ ಹೋಗಿ, ಪ್ರೌಢಶಿಕ್ಷಣದಿಂದ ಸರಕಾರವು ಮೆಲ್ಲಮೆಲ್ಲನೆ ಹಿಂದೆ ಸರಿದು ಅದನ್ನು ಖಾಸಗಿಯವರಿಗೆ ಬಿಡುವುದು ಲೇಸೆಂದು ಸೂಚಿಸಿತು. ಮೇಲುನೋಟಕ್ಕೆ ಇದು ಚಿಕ್ಕ ಶಾಲೆಗಳಿಗೆ ವರವೆಂದು ತೋರುವುದು. ಆದರೆ ಸಹಾಯಧನಕ್ಕೆ ಕಟ್ಟಳೆಗಳಿದ್ದವು: ಆಡಳಿತಕ್ಕೆ ಜವಾಬ್ದಾರರಾದ ಮಂಡಲಿ ಬೇಕು, ಲೆಕ್ಕಪತ್ರ ಬೇಕು, ತಕ್ಕ ಕಟ್ಟಡ ಬೇಕು, ಇನ್‌ಸ್ಪೆಕ್ಟರನ ತಪಾಸಣೆಗೆ ಒಪ್ಪಬೇಕು. ಒಬ್ಬ ಮಾಸ್ತರನ ಪಡಸಾಲೆಯ ಶಾಲೆಗೆ ಇವು ಯಾವುವೂ ಸಾಧ್ಯವಿರಲಿಲ್ಲ. ಸಹಾಯವು ಬಂದುದು ಆಗಲೇ ಕಾಲೂರಿ ನಿಂತವರಿಗೆ.

ಸಹಾಯಧನದ ಬಹುಭಾಗವು ಪರೀಕ್ಷೆಯ ಫಲಕ್ಕೆ ತಕ್ಕಂತೆ ಸಂದಾಯವಾಗುವ ಪದ್ಧತಿಯು ಮುಂಬಯಿ ಇಲಾಖೆಯಲ್ಲಿ ಬಹುಕಾಲ ನಡೆಯಿತು. ಇದರಿಂದ ಮಾನ್ಯತೆ ಪಡೆದ ಶಾಲೆಗಳೇ ಕಂಠಪಾಠದ ಶಾಲೆಗಳಾದವು. ಕ್ಲಾಸು ಮಾಡುತ್ತಿದ್ದ ಕೆಲಸವನ್ನು ದೊಡ್ಡ ಶಾಲೆಯೇ ಸಹಾಯಧನದೊಡನೆ ಮಾಡತೊಡಗಿದ ಮೇಲೆ ಕ್ಲಾಸಿನ ಪ್ರತ್ಯೇಕ ಅಗತ್ಯವೆಲ್ಲಿ ಉಳಿಯಿತು? ೧೯೦೪ರಲ್ಲಿ ಕರ್ಜನ್ನನ ಸರಕಾರವು ತನ್ನ ಶಿಕ್ಷಣನಿರ್ಣಯದಲ್ಲಿ ಈ ಪದ್ಧತಿಯನ್ನು ಖಂಡಿಸಿತು. ಆದರೆ ಅದೇ ವರ್ಷದ ವಿಶ್ವವಿದ್ಯಾಲಯಗಳ ಕಾಯಿದೆಯ ತರುವಾಯ ಶಾಲೆಗಳ ಮಾನ್ಯತೆಯ ನಿಯಮಗಳು ಬಿಗಿಯಾದವು. ಮಾನ್ಯತೆಯಿಲ್ಲದ ಶಾಲೆಯ ಹುಡುಗನು ಪರೀಕ್ಷೆಗೆ ಕೂಡ್ರಬೇಕಾದರೆ ಖಾಸಗಿ ಅಭ್ಯರ್ಥಿಯಾಗಿ ಬೇರೆ ಬಾಗಿಲಿನಿಂದ ಹೋಗಬೇಕಾಯಿತು. ತಂದೆತಾಯಿಗಳ ದೃಷ್ಟಿಯಲ್ಲಿ ಕ್ಲಾಸು ನಪಾಸಾದವರ ಆಶ್ರಯಸ್ಥಾನವಾಯಿತು. ಜಾಣ ಹುಡುಗರು ಶಾಲೆಗೆ, ಎಡವಿದವರು ಕ್ಲಾಸಿಗೆ. ಎಡವಿದವರಿಂದ ಕೂಡಿದ ಕ್ಲಾಸಿನ ಫಲಿತಾಂಶವು ಕೆಟ್ಟಿತು. ಫಲಿತಾಂಶ ಕೆಟ್ಟುದರಿಂದ ಜಾಣರು ಇನ್ನೂ ದೂರವಾದರು. ಈ ಚಕ್ರವನ್ನು ಒಬ್ಬ ಮಾಸ್ತರನ ಪರಿಶ್ರಮವು ಮುರಿಯಲಾರದು.

೫

ನಾಲ್ಕನೆಯದು ಮಾಸ್ತರನ ಪ್ರಶ್ನೆ. ಇಂಗ್ಲಿಷ್ ಚೆನ್ನಾಗಿ ಬಲ್ಲವನಿಗೆ ಕ್ಲಾಸಿಗಿಂತ ಒಳ್ಳೆಯ ಕೆಲಸಗಳು ದೊರೆಯುತ್ತಿದ್ದವು: ಕಚೇರಿ, ವಕೀಲಿ, ರೈಲ್ವೆ, ಹಾಯಸ್ಕೂಲು. ನೌಕರಿಯ ದಾರಿಯನ್ನು ಕಲಿಸುವವನು ಸ್ವತಃ ಆ ದಾರಿಯನ್ನು ಹಿಡಿಯದಿರುವನೆ? ಇನ್ನೊಂದು ಕಡೆ, ಕ್ಲಾಸಿನ ಒಡೆಯನು ಸಹಾಯಕ್ಕೆ ಇಟ್ಟುಕೊಂಡ ಉಪಾಧ್ಯಾಯನು ಹೆಸರು ಗಳಿಸಿದೊಡನೆ ಪಕ್ಕದ ಓಣಿಯಲ್ಲಿ ತನ್ನದೇ ಕ್ಲಾಸು ತೆರೆಯಬಹುದು. ಹುಡುಗರು ಶಾಲೆಯ ಹೆಸರನ್ನಲ್ಲದೆ ಮಾಸ್ತರನನ್ನು ಹಿಂಬಾಲಿಸುವರು. ಕಿರಾಣಿ ಅಂಗಡಿಯ ಬಂಡವಾಳವು ಕಪಾಟಿನಲ್ಲಿದ್ದರೆ ಕ್ಲಾಸಿನ ಬಂಡವಾಳವು ಒಬ್ಬ ಮನುಷ್ಯನ ನಾಲಗೆಯಲ್ಲಿದೆ. ಅವನು ಎದ್ದುಹೋದರೆ ಉಳಿಯುವುದು ಬರಿಯ ಗೋಡೆ.

ಈ ತೊಡಕನ್ನು ಮೊದಲು ಸರಿಯಾಗಿ ಗುರುತಿಸಿದವರು ಪುಣೆಯವರು. ೧೮೮೦ರ ಜನವರಿಯಲ್ಲಿ ವಿಷ್ಣುಶಾಸ್ತ್ರೀ ಚಿಪಳೂಣಕರರೂ ಬಾಳ ಗಂಗಾಧರ ತಿಲಕರೂ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಆಗರಕರರು ಬೇಗನೆ ಅವರನ್ನು ಕೂಡಿಕೊಂಡರು. ಅದೂ ಖಾಸಗಿ ಇಂಗ್ಲಿಷ್ ಶಾಲೆಯೇ. ಆದರೆ ಅವರು ೧೮೮೪ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿ ಶಾಲೆಯನ್ನು ಅದರ ಸ್ವತ್ತನ್ನಾಗಿ ಮಾಡಿದರು. ೧೮೮೫ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿತು. ಆಜೀವ ಸದಸ್ಯರು ಅಲ್ಪ ವೇತನದ ಮೇಲೆ ೨೦ ವರ್ಷ ಸೇವೆ ಸಲ್ಲಿಸುವ ಪ್ರತಿಜ್ಞೆ ಮಾಡುತ್ತಿದ್ದರು. ಮಾಸ್ತರನು ಬಿಟ್ಟುಹೋಗದಂತೆ ಮಾಡಿದ ವ್ರತವಿದು. ಇಂತಹ ವ್ರತವೂ ಕಲಹವನ್ನು ತಪ್ಪಿಸಲಿಲ್ಲ: ಸದಸ್ಯರು ಹೊರಗಿನ ಸಂಪಾದನೆ ಮಾಡಬಹುದೇ ಎಂಬ ವಾದವು ಬೆಳೆದು, ೧೮೯೦ರಲ್ಲಿ ತಿಲಕರು ಸಂಸ್ಥೆಯನ್ನು ಬಿಟ್ಟರು. ಆದರೂ ಶಾಲೆಯು ಉಳಿಯಿತು. ಸ್ಥಾಪಕನು ಹೋದ ಮೇಲೆಯೂ ಉಳಿಯುವುದೇ ಸಂಸ್ಥೆ. ಸ್ಥಾಪಕನೊಡನೆ ಹೋಗುವುದು ಕ್ಲಾಸು.

೬

ಕರ್ನಾಟಕದಲ್ಲಿ ಬಾಳಿ ಬೆಳೆದ ಖಾಸಗಿ ಇಂಗ್ಲಿಷ್ ಶಾಲೆಗಳನ್ನು ಪರಿಶೀಲಿಸಿದರೆ ಇದೇ ತತ್ವವು ಕಾಣುವುದು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ೧೮೯೧ರಲ್ಲಿ ಕೆನರಾ ಹಾಯಸ್ಕೂಲನ್ನು ಸ್ಥಾಪಿಸಿದರು. ೧೯೦೬ರಲ್ಲಿ ಕೆನರಾ ಬ್ಯಾಂಕಿಗೆ ಮೂಲಪುರುಷರಾದವರೂ ಅವರೇ. ಹಣದ ವ್ಯವಸ್ಥೆಯನ್ನು ಬಲ್ಲ ಸಮಾಜವೊಂದು ಶಾಲೆಯ ಹಿಂದೆ ನಿಂತಿದ್ದಿತೆಂಬುದಕ್ಕೆ ಇದೇ ಸಾಕ್ಷಿ. ಮೈಸೂರಿನ ಮರಿಮಲ್ಲಪ್ಪನವರ ಶಾಲೆಯು ನಿಂತುದು ದಾನಿಯು ಬಿಟ್ಟುಹೋದ ಮೂಲಧನದ ಮೇಲೆ. ಬೆಳಗಾಂವಿಯಲ್ಲಿ ೧೯೧೬ರ ನವೆಂಬರಿನಲ್ಲಿ ಏಳು ಜನ ತರುಣ ಉಪಾಧ್ಯಾಯರು ಅರಟಾಳ ರುದ್ರಗೌಡರಂತಹ ಹಿರಿಯರ ಆಶ್ರಯದಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆಯು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯಾಗಿ ಬೆಳೆದು, ೧೯೩೩ರಲ್ಲಿ ಲಿಂಗರಾಜ ಕಾಲೇಜನ್ನೂ ತೆರೆಯಿತು. ಆ ಏಳು ಜನರೂ ಸ್ವಂತ ಲಾಭವನ್ನು ಬಿಟ್ಟು ದುಡಿದವರು. ಆ ದುಡಿಮೆಯ ಬೆನ್ನಿಗೆ ಸಿರಸಂಗಿಯ ಲಿಂಗರಾಜರಂತಹ ದಾನಿಗಳ ಸಂಪತ್ತಿದ್ದಿತು. ಸವಣೂರಿನಲ್ಲಿ ನವಾಬರ ಆಶ್ರಯದ ಮಜೀದ್ ಶಾಲೆಯಿದ್ದಿತು. ೧೯೦೯ರಲ್ಲಿ ಸವಣೂರಿನಲ್ಲಿ ಜನಿಸಿ, ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿನ ವರೆಗೆ ಹೋಗಿ ಇಂಗ್ಲಿಷಿನ ಪ್ರಾಧ್ಯಾಪಕರಾದ ವಿನಾಯಕ ಕೃಷ್ಣ ಗೋಕಾಕರ ಆರಂಭದ ವಿದ್ಯಾಭ್ಯಾಸವು ಅಲ್ಲಿಯೇ ನಡೆಯಿತು.

ಈ ಶಾಲೆಗಳಲ್ಲಿ ಒಂದೂ ಕೇವಲ ಹುಡುಗರ ಫೀಯನ್ನು ನಂಬಿ ಬಾಳಲಿಲ್ಲ. ಒಂದಕ್ಕೆ ಸಮಾಜದ ಬೆಂಬಲ, ಒಂದಕ್ಕೆ ಮೂಲಧನ, ಒಂದಕ್ಕೆ ಮಠ ಅಥವಾ ಅರಮನೆ. ಇವುಗಳ ಮೇಲೆ ಸರಕಾರದ ಸಹಾಯಧನ. ಇದರ ಜೊತೆಗೆ ಧಾರವಾಡದ ಮುರುಘಾಮಠದಂತಹ ಮಠಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಸಿದವು. ಹಳ್ಳಿಯ ಹುಡುಗನಿಗೆ ಧಾರವಾಡದಲ್ಲಿ ಊಟವೂ ವಸತಿಯೂ ದೊರೆತ ಮೇಲೆ, ಊರ ಸಮೀಪದ ಕ್ಲಾಸಿಗೆ ಫೀ ಕೊಡುವ ಕಾರಣವಿಲ್ಲವಾಯಿತು. ೧೯೧೭ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿಯೇ ತೆರೆದುದರಿಂದ ಆ ಸೆಳೆತವು ಮತ್ತೂ ಬಲವಾಯಿತು. ಇದು ವಿದ್ಯೆಗೆ ಲಾಭ, ಕ್ಲಾಸಿಗೆ ನಷ್ಟ. ಖಾಸಗಿ ಶಾಲೆಯ ಅವನತಿಯೆಲ್ಲವನ್ನೂ ಸಮಾಜದ ಹಾನಿಯೆಂದು ಎಣಿಸಲಾಗದೆಂಬುದಕ್ಕೆ ಇದು ನಿದರ್ಶನ.

೭

ಐದನೆಯ ಕಾರಣವು ಭಾಷಾಧೋರಣೆಯ ಏರಿಳಿತ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಾಳಾಸಾಹೇಬ ಖೇರರ ಸರಕಾರವು ಮುಂಬಯಿ ಪ್ರಾಂತದಲ್ಲಿ ಐದು, ಆರು, ಏಳನೆಯ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು, ಎಂಟನೆಯ ಇಯತ್ತೆಯಿಂದ ಕಲಿಸಬೇಕೆಂದು ವಿಧಿಸಿತು. ೧೯೪೮ರ ಕಾಯಿದೆಯಿಂದ ಪ್ರೌಢಶಾಲಾ ಪರೀಕ್ಷೆಗೆ ಬೇರೆ ಮಂಡಲವಾಗಿ, ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಶನ್ನಿನ ಏಕಾಧಿಪತ್ಯವು ಹೋಯಿತು. ೧೯೫೪ರ ಜನವರಿಯಲ್ಲಿ ಮುಂಬಯಿ ಸರಕಾರವು ಇಂಗ್ಲಿಷ್ ಮಾಧ್ಯಮದ ಶಾಲೆಗಳ ಪ್ರವೇಶವನ್ನು ನಿರ್ಬಂಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. ೧೯೫೬ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಪಠ್ಯಕ್ರಮವೇ ಬದಲಾಯಿತು. ಹತ್ತು ವರ್ಷಗಳೊಳಗೆ ಇಷ್ಟು ಬದಲಾವಣೆಗಳಾದರೆ, ಹಳೆಯ ಪ್ರಶ್ನೆಪತ್ರಿಕೆಗಳೇ ಸರ್ವಸ್ವವಾಗಿದ್ದ ಕ್ಲಾಸು ತನ್ನ ಸರಕನ್ನು ಪ್ರತಿಸಲವೂ ಹೊಸದಾಗಿ ಸಂಪಾದಿಸಬೇಕಾಯಿತು.

ಮುಂದಿನ ಕಾಲದಲ್ಲಿಯೂ ಇದು ನಿಲ್ಲಲಿಲ್ಲ. ಸವಣೂರಿನ ಅದೇ ಗೋಕಾಕರ ಅಧ್ಯಕ್ಷತೆಯ ಸಮಿತಿಯು ೧೯೮೧ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮಸ್ಥಾನ ಕೊಡಬೇಕೆಂದು ವರದಿಯಿತ್ತಿತು. ೧೯೮೨ರಲ್ಲಿ ಅದಕ್ಕಾಗಿ ನಾಡಿನಾದ್ಯಂತ ಚಳವಳಿಯಾಯಿತು. ೧೯೯೪ರಲ್ಲಿ ಸರಕಾರವು ಒಂದರಿಂದ ನಾಲ್ಕನೆಯ ತರಗತಿಯ ವರೆಗೆ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಿತು. ೨೦೦೮ರಲ್ಲಿ ಹೈಕೋರ್ಟು ಖಾಸಗಿ ಶಾಲೆಗಳ ಮೇಲಿನ ಆ ಕಡ್ಡಾಯವನ್ನು ರದ್ದುಮಾಡಿತು. ೨೦೧೪ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಈ ನಡುವೆ ೨೦೦೭ರಲ್ಲಿ ಸರಕಾರದ ಶಾಲೆಗಳಲ್ಲಿಯೇ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾರಂಭಿಸಿದರು. ನಿರ್ಬಂಧವು ಬಂದಾಗ ಕ್ಲಾಸಿಗೆ ಗಿರಾಕಿಗಳು ಹೆಚ್ಚುವರು. ನಿರ್ಬಂಧವು ಸಡಿಲಿದಾಗ ಪೂರ್ಣಕಾಲದ ಇಂಗ್ಲಿಷ್ ಶಾಲೆಗಳು ಎದ್ದು, ಆ ಗಿರಾಕಿಗಳನ್ನು ಎಳೆದುಕೊಳ್ಳುವವು. ಕರ್ನಾಟಕ ಶಿಕ್ಷಣ ಕಾಯಿದೆಯ ಪ್ರಕಾರ ಟ್ಯುಟೋರಿಯಲ್ಲುಗಳು ನೋಂದಣಿಯಾಗಬೇಕು. ೨೦೨೪ರ ಜನವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಯು ೧೬ ವರ್ಷದೊಳಗಿನವರನ್ನು ತರಬೇತಿ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದಿದೆ.

೮

ಬಂಡವಾಳವು ಹೆಚ್ಚಿದ್ದರೆ ಈ ರೋಗಕ್ಕೆ ಔಷಧವಾಗುವುದೆಂದು ಕೆಲವರು ತಿಳಿಯುವರು. ಪರದೇಶದ ಒಂದು ಉದಾಹರಣೆಯು ಅದಕ್ಕೆ ವಿರುದ್ಧವಾಗಿದೆ. ಜಪಾನಿನ ಇಂಗ್ಲಿಷ್ ಸಂಭಾಷಣಾಶಾಲೆಗಳಲ್ಲೆಲ್ಲ ದೊಡ್ಡದಾಗಿದ್ದ ನೋವಾ ಎಂಬ ಸಂಸ್ಥೆಯು ವಿದ್ಯಾರ್ಥಿಗಳಿಂದ ದೀರ್ಘಾವಧಿಯ ಫೀಯನ್ನು ಮುಂಗಡವಾಗಿ ಪಡೆಯುತ್ತಿದ್ದಿತು. ನಡುವೆ ಬಿಟ್ಟವರಿಗೆ ಹಣ ಮರಳಿಸುವ ವಿಷಯದಲ್ಲಿ ವ್ಯಾಜ್ಯಗಳಾಗಿ, ೨೦೦೭ರ ಜೂನಿನಲ್ಲಿ ಸರಕಾರವು ಅದರ ವ್ಯವಹಾರದ ಒಂದು ಭಾಗವನ್ನು ಆರು ತಿಂಗಳ ಕಾಲ ತಡೆಯಿತು. ಅಕ್ಟೋಬರಿನಲ್ಲಿ ಸಂಸ್ಥೆಯು ನ್ಯಾಯಾಲಯದ ಮೊರೆಹೊಕ್ಕು ಶಾಲೆಗಳನ್ನು ಮುಚ್ಚಿತು. ನಾಳೆಯ ಪಾಠದ ಹಣದಿಂದ ಇಂದಿನ ಬಾಡಿಗೆಯನ್ನು ತೀರಿಸುವವರೆಗೆ ಹೊಸ ವಿದ್ಯಾರ್ಥಿಗಳು ಬರುತ್ತಲೇ ಇರಬೇಕು. ಬರವು ನಿಂತ ದಿನವೇ ಹಳೆಯ ಸಾಲವೆಲ್ಲ ಒಮ್ಮೆಗೇ ಎದುರು ನಿಲ್ಲುವುದು. ಬೆಂಗಳೂರಿನಲ್ಲಿ ಹುಟ್ಟಿ ದೂರವಾಣಿಯ ಪರದೆಯ ಮೇಲೆ ಪಾಠಗಳನ್ನು ಮಾರಿ ಲೋಕಪ್ರಸಿದ್ಧವಾದ ಬೈಜೂಸ್ ಸಂಸ್ಥೆಯ ಮೇಲೆಯೂ ೨೦೨೪ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಯು ಆರಂಭವಾಯಿತು. ಅದರ ಸಾಲದ ಕಾರಣಗಳು ಬೇರೆ. ಆದರೂ ಗಾತ್ರವೊಂದೇ ಆಯುಷ್ಯವನ್ನು ಕೊಡದೆಂಬ ಮಾತು ಇಲ್ಲಿಯೂ ಸಲ್ಲುವುದು.

೯

ಮೇಲಿನ ವಿವೇಚನೆಯ ಸಾರಾಂಶವಿಷ್ಟು. ಖಾಸಗಿ ಇಂಗ್ಲಿಷ್ ಕ್ಲಾಸಿನ ಅಲ್ಪಾಯುಷ್ಯಕ್ಕೆ ಮಾಸ್ತರನ ಆಲಸ್ಯವೂ ತಂದೆತಾಯಿಗಳ ಜಿಪುಣತನವೂ ಮುಖ್ಯ ಕಾರಣಗಳಲ್ಲ. ಬೇಡಿಕೆಯು ಪರೀಕ್ಷೆಯ ಅಧೀನ. ಪರೀಕ್ಷೆಯು ಸರಕಾರದ ಅಧೀನ. ಫೀಯು ಮಳೆಬೆಳೆಗಳ ಅಧೀನ. ಬಂಡವಾಳವು ಒಬ್ಬ ಮನುಷ್ಯನ ಅಧೀನ. ಮೇಲಾಗಿ ಈ ಉದ್ಯಮದಲ್ಲಿ ಯಶಸ್ಸೇ ಗಿರಾಕಿಯನ್ನು ಕಳೆಯುವುದು: ಚೆನ್ನಾಗಿ ಕಲಿತವನು ಹೊರಟುಹೋಗುವನು, ಕಲಿಯದವನು ದೂರುತ್ತ ಹೋಗುವನು.

ಆದರೆ ಕ್ಲಾಸು ಮುಚ್ಚುವುದರಿಂದ ಎಲ್ಲರಿಗೂ ಸಮನಾದ ನಷ್ಟವಾಗುವುದಿಲ್ಲ. ಹುಬ್ಬಳ್ಳಿ, ಧಾರವಾಡಗಳ ವಿದ್ಯಾರ್ಥಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುವುದು. ಹಿರೇಬೆಂಡಿಗೇರಿಯಂತಹ ಗ್ರಾಮದವರಿಗೆ ಹತ್ತಿರದ ಪೇಟೆಯ ಒಂದು ಕ್ಲಾಸು ನಿಂತರೆ, ಬಸ್ಸಿನ ಖರ್ಚಿಗೆ ಅನುಕೂಲವುಳ್ಳವರು ದೂರದ ಊರಿಗೆ ಹೋಗುವರು. ಅನುಕೂಲವಿಲ್ಲದವರು ಕಲಿಕೆಯನ್ನೇ ಬಿಡುವರು. ಅವರಲ್ಲಿಯೂ ದೂರ ಕಳಿಸಲು ಮನೆಯವರು ಹಿಂಜರಿಯುವ ಹೆಣ್ಣುಮಕ್ಕಳೇ ಮೊದಲಿಗರು. ಆದುದರಿಂದ ಇಂಗ್ಲಿಷ್ ಕಲಿಸುವ ಭಾರವನ್ನು ಲಾಭನಷ್ಟದ ಲೆಕ್ಕವು ಹೊರಲಾರದ ಕಡೆ, ಊರ ಶಾಲೆಯೇ ಅದನ್ನು ಹೊರಬೇಕಾಗುವುದು. ಹಿಂದೆ ಮಠಗಳೂ ದಾನಿಗಳೂ ವ್ರತಸ್ಥ ಉಪಾಧ್ಯಾಯರೂ ಕೂಡಿ ಧಾರವಾಡ, ಬೆಳಗಾಂವಿಗಳಲ್ಲಿ ಮಾಡಿದುದು ಇದನ್ನೇ. ಅವರು ಇಂಗ್ಲಿಷನ್ನು ಮಾರಾಟದ ಸರಕೆಂದು ಎಣಿಸದೆ, ಕೆರೆಬಾವಿಗಳಂತೆ ಊರಿಗೆ ಸೇರಿದ ಸ್ವತ್ತೆಂದು ಎಣಿಸಿದರು. ಅವರು ಕಟ್ಟಿದ ಶಾಲೆಗಳು ಇಂದಿಗೂ ನಿಂತಿವೆ.